ಮೇರಿ ಮಾತೆಯ ಬೊಟ್ಟು

ಚನ್ನಪಟ್ಟಣ

ಅಪ್ಪಾ,

ಇವತ್ತು ಚರ್ಚಿನ ಫಾದರ್ ನಮ್ಮ ಗೊಂಬೆ ಅಂಗಡಿಗೆ ಬಂದಿದ್ರು. ನೀನು ಹೋದ ಮೇಲೆ ಬಂದಿದ್ದು ಇದೇ ಮೊದಲು. ನೀನು ಮಾಡಿಕೊಟ್ಟಿದ್ದ ಮೇರಿ ಮಾತೆಯ ಗೊಂಬೇನ ಬಟ್ಟೇಲಿ ಸುತ್ತಿ ತಂದಿದ್ರು. ಸೀರೆ ಬಣ್ಣ ಒಸಿಯೂ ಮಾಸಿಲ್ಲ.

ಪಟ್ಟದ ರಾಣಿ ಗೊಂಬೆಗೆ ಇಡೋ ಹಂಗೇ ನೀನು ಅದರ ಹಣೆಗೂ ಬೊಟ್ಟು ಇಟ್ಟಿದ್ದೆ. ಚರ್ಚಿನವರು ಏನಂದ್ಕೊಂಡಾರು ಅಂತ ನಿನ್ನ ಮೇಲೆ ರೇಗಿ, ಕೊಡೋಕೆ ಮುಂಚೆ ನಾನೇ ಉಪ್ಪು ಕಾಗದದಲ್ಲಿ ಉಜ್ಜಿಬುಟ್ಟೆ. ನೀನು ಎದ್ದು ಕೈ ತೊಳ್ಕೊಂಡೆ.

"ಹಣೆ ಖಾಲಿ ಐತೆ, ಒಂದು ಬೊಟ್ಟು ಇಡಿಸ್ಕೊಂಡು ಬನ್ನಿ ಅಂತಾರೆ ನಮ್ಮ ಹೆಂಗಸರು," ಅಂದ್ರು ಫಾದರ್.

ಕೆಂಪು ಬಣ್ಣ ಕಲಸಿ, ಮೂರು ಸಲ ಒರೆಸಿ ಒರೆಸಿ ಇಟ್ಟೆ. ನಿನ್ನಷ್ಟು ದುಂಡಗೆ ಬರಲಿಲ್ಲ.

ಚೆನ್ನಾಗೈತೆ ಅಂತ ತಗೊಂಡು ಹೋದ್ರು. ಅವರೇನು ನಿನ್ನ ಬೊಟ್ಟು ನೋಡಿದ್ರಾ.