ಎರಡನೆಯ ಇಲಿ

ಸೆಪ್ಟೆಂಬರ್ 5, ಶುಕ್ರವಾರ. ಬೆಳಿಗ್ಗೆ 7.40

ಬ್ರೈಡಿಯ ನೀರು ಬದಲಾಯಿಸಿದೆ. ಹೀಟರ್ ಮೂವತ್ತೊಂದು ಡಿಗ್ರಿ. ಅವಳ ಗಾಜಿನ ಟ್ಯಾಂಕಿಗೆ ಬೀಗ ಹಾಕಿದೆ, ಎರಡು ಸಲ ಎಳೆದು ನೋಡಿದೆ. ಒಂಬತ್ತು ಅಡಿಯ ಬೋವಾ ಹಾವಿರುವ ಮನೆಯಲ್ಲಿ ಬೀಗವನ್ನು ಒಂದೇ ಸಲ ನೋಡುವವರಿದ್ದರೆ ಅವರ ಧೈರ್ಯಕ್ಕೊಂದು ನಮಸ್ಕಾರ.

ಫ್ರಿಜ್‌ನಲ್ಲಿ ನನ್ನ ಮೊಸರಿನ ಡಬ್ಬಿ ಮೇಲಿನ ಶೆಲ್ಫಿನಿಂದ ಕೆಳಗೆ ಬಂದಿದೆ. ವಿಕ್ರಮನದೇ ಕೆಲಸ. ಕೇಳಿದರೆ "ನಾನ್ ಮುಟ್ಟಿಲ್ಲ ಮೇಡಂ." ಸದ್ಯ ಈ ಮನೆಯಲ್ಲಿರುವುದು ನಾವಿಬ್ಬರೇ, ಇಬ್ಬರೂ ಬಾಡಿಗೆಯವರು. ಮನೆ ಸ್ಟೀವನ್‌ದು. ಅವನು ಅಮ್ಮನ ಮೊಣಕಾಲಿನ ಆಪರೇಷನ್ ಎಂದು ಮಂಗಳೂರಿಗೆ ಹೋಗಿದ್ದಾನೆ. ಹಾಗಾದರೆ ಡಬ್ಬಿ ತಾನೇ ಇಳಿದು ಬಂತೇನೋ.

ಸ್ಟೀವನ್ ವಾಪಸ್ ಬರುವುದು ಅಕ್ಟೋಬರ್ ಆರಕ್ಕೆ. ಅಲ್ಲಿಯವರೆಗೆ ಬ್ರೈಡಿ ನನ್ನ ಜವಾಬ್ದಾರಿ. "ಅಕ್ಕ, ಅವಳನ್ನ ನಿಮ್ಮ ಕೈಲೇ ಬಿಟ್ಟು ಹೋಗೋದು, ಬೇರೆ ಯಾರನ್ನೂ ನಂಬಲ್ಲ" ಅಂದ. ಐರ್ಲೆಂಡಿನ ಈ ನೇಸ್ ಊರಿನಲ್ಲಿ ನಾಲ್ಕು ತಿಂಗಳು ರೂಮು ಹುಡುಕಿ ಸೋತಿದ್ದಾಗ ಕರೆದು ಜಾಗ ಕೊಟ್ಟವನು. ಇಲ್ಲ ಅನ್ನುವುದು ಹೇಗೆ.

ಸೆಪ್ಟೆಂಬರ್ 6, ಶನಿವಾರ. ಮಧ್ಯಾಹ್ನ 12

ಕಳೆದ ವಾರ ಫ್ರೀಜರಿನ ಇಲಿ ಕೊಟ್ಟು ನೋಡಿದ್ದೆ. ಬಿಸಿನೀರಿನಲ್ಲಿ ಕರಗಿಸಿ, ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಬೇಕು. ಅಷ್ಟೂ ಮಾಡಿ ತಲೆಗೆ ಸ್ನಾನ ಮಾಡಿದೆ. ಬ್ರೈಡಿ ಅದರ ಕಡೆ ತಿರುಗಲೂ ಇಲ್ಲ. ಯಾರದೋ ಶೆಡ್ಡಿನಲ್ಲಿ ಎಲುಬು ಬಿಟ್ಟುಕೊಂಡು ಬಿದ್ದಿದ್ದವಳು, ಸ್ಟೀವನ್ ತಂದು ಆರು ತಿಂಗಳಾಯಿತು. ಅಲ್ಲಿ ಬದುಕಿರುವ ಇಲಿ ತಿಂದೇ ಅಭ್ಯಾಸ. ಸತ್ತದ್ದನ್ನು ತಿನ್ನುವುದು ಇನ್ನೂ ಕಲಿಯುತ್ತಿದ್ದಾಳೆ. ಮೈ ಇನ್ನೂ ತುಂಬಿಲ್ಲ, ಈಗಲೇ ಉಪವಾಸ ಬೇಡ ಎಂದು ವೆಟ್, ಅಂದರೆ ಪ್ರಾಣಿಗಳ ಡಾಕ್ಟರು, ಹೇಳಿದ್ದಾರಂತೆ.

ಹಾಗಾಗಿ ಇವತ್ತು ಜೀವಂತ ಇಲಿ. ಪಕ್ಕದೂರು ಕಿಲ್ಕಲನ್ ಕಡೆಯ ಡೆಕ್ಲನ್ ಎನ್ನುವವನು ಸಾಕಿ ಕೊಡುತ್ತಾನೆ. ರಟ್ಟಿನ ಪೆಟ್ಟಿಗೆಯಲ್ಲಿ ತಂದಿಟ್ಟು ಹೋದ.

ಸ್ಟೀವನ್ ಟ್ಯಾಂಕಿನ ಮೇಲೆ ಚೀಟಿ ಅಂಟಿಸಿದ್ದಾನೆ. ಬ್ರೈಡಿಯ ಕಣ್ಣು ಮಬ್ಬಾಗಿದ್ದರೆ ಪೊರೆ ಬಿಡುವ ಸಮಯ, ಅವತ್ತು ಊಟ ಬೇಡ. ಇಲಿಗೆ ಮೊದಲು ಹೊಟ್ಟೆ ತುಂಬ ತಿನ್ನಿಸಿ, ಹಸಿದ ಇಲಿ ಕಚ್ಚುತ್ತೆ. ಬಿಟ್ಟ ಮೇಲೆ ಎದುರಿಗೇ ಕೂತಿರಿ, ಕಣ್ಣು ತೆಗೀಬೇಡಿ. ಹದಿನೈದು ನಿಮಿಷದಲ್ಲಿ ಹಿಡಿಯಲಿಲ್ಲ ಅಂದ್ರೆ ಇಲಿ ಹೊರಗೆ ತೆಗೀರಿ. ಕೊನೆಯದಕ್ಕೆ ಕೆಂಪು ಗೀಟು ಬೇರೆ.

ಪೆಟ್ಟಿಗೆಯ ತೂತಿನಿಂದ ಇಲಿಗೆ ಓಟ್ಸ್ ಹಾಕಿದೆ. ಪೆಟ್ಟಿಗೆಯನ್ನು ಟ್ಯಾಂಕಿನೊಳಗೆ ಬಗ್ಗಿಸಿ, ಮುಖ ತಿರುಗಿಸಿಕೊಂಡೇ ಬೀಗ ಹಾಕಿದೆ. ಹೊರಗೆ ಬಂದು ರೂಮಿನ ಬಾಗಿಲು ಎಳೆದುಕೊಂಡೆ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವಳು ನಾನು. ಚಿಕ್ಕವಳಿದ್ದಾಗ ಕೋಳಿ ಅಂಗಡಿ ಎದುರಾದರೆ ಅಜ್ಜಿ ನನ್ನ ಮುಖವನ್ನು ಸೆರಗಿನಲ್ಲಿ ಮುಚ್ಚಿ ದಾಟಿಸುತ್ತಿದ್ದರು. ಜೀವ ಹೋಗುವುದನ್ನು ಕುಳಿತು ನೋಡಿದರೆ ಅದರಲ್ಲಿ ಪಾಲು ತೆಗೆದುಕೊಂಡ ಹಾಗೆ. ಬ್ರೈಡಿ ತಿನ್ನುವುದು ಬ್ರೈಡಿಯ ಧರ್ಮ. ನೋಡುವುದು ನನ್ನದಲ್ಲ.

ನೂರೆಂಟು ಸಲ ರಾಮನಾಮ. ಒಳಗೆ ಹೋದಾಗ ಬ್ರೈಡಿಯ ಹೊಟ್ಟೆ ಉಬ್ಬಿತ್ತು. ಸದ್ಯ.

ಸ್ಟೀವನ್ ಮೆಸೇಜ್: "ಕೂತಿದ್ರಿ ತಾನೇ ಅಕ್ಕ?" ಅಲ್ಲೇ ಇದ್ದೆ ಎಂದು ಕಳಿಸಿದೆ. ಸುಳ್ಳೇನಲ್ಲ. ಮಧ್ಯೆ ಒಂದು ಬಾಗಿಲು ಅಷ್ಟೇ.

ಸೆಪ್ಟೆಂಬರ್ 14, ಭಾನುವಾರ

ವಿಕ್ರಮ್ ಅಡುಗೆಮನೆಯಲ್ಲಿ ಕೋಳಿ ಸಾರು ಮಾಡಿದ. ಮಂಡ್ಯ ಕಡೆಯವನು, ಡೇಟಾ ಸೆಂಟರಿನಲ್ಲಿ ಎಲೆಕ್ಟ್ರಿಷಿಯನ್. ನನ್ನ ಒಲೆಯ ಸರದಿ ಮುಗಿದ ಮೇಲೇ ಶುರು ಮಾಡಿದ, ಅದೊಂದು ಹೇಳಬೇಕು. "ನಿಮ್ ಹಾವು ಹೆಂಗೈತೆ ಮೇಡಂ, ಬೇಟೆ ಆಡ್ತಾ?" ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಹಾವಿನ ವಿಷಯ ಅವನಿಗೇಕೆ.

ಸೆಪ್ಟೆಂಬರ್ 20, ಶನಿವಾರ. ಮಧ್ಯಾಹ್ನ 1

ಬೆಳಿಗ್ಗೆ ಡೆಕ್ಲನ್ ಬಂದು ಇಲಿಯ ಪೆಟ್ಟಿಗೆ ಕೊಟ್ಟು ಹೋದ. ನಾಳೆಯಿಂದ ಎರಡು ವಾರ ಲಾಂಜರೋಟೆ ದ್ವೀಪದಲ್ಲಿ ರಜವಂತೆ, ಫೋನು ಆಫ್ ಮಾಡಿಡುತ್ತಾನಂತೆ. ಸರಿ ಅನ್ನುವ ಕಡೆಯೆಲ್ಲ ಗ್ರ್ಯಾಂಡ್, ಗ್ರ್ಯಾಂಡ್ ಅನ್ನುವ ಮನುಷ್ಯ.

ಓಟ್ಸ್ ಹಾಕಿದೆ. ಬಿಟ್ಟೆ. ಹೊರಗೆ ಬಂದು ನೂರೆಂಟು ಜಪ. ಇವತ್ತು ಇನ್ನೊಂದು ಸುತ್ತು ಮಾಡಿದೆ, ಪಿತೃಪಕ್ಷ ನೋಡು. ಮತ್ತೆ ಒಳಗೆ ಹೋದರೆ ಇಲಿ ಕಾಣಲಿಲ್ಲ. ಬ್ರೈಡಿ ತನ್ನ ಗೂಡಿನೊಳಗೆ ಸೇರಿಕೊಂಡಿದ್ದಳು. ಊಟ ಆಯಿತು. ತಿಂದ ಮೇಲೆ ಎರಡು ದಿನ ತಡವಬಾರದು ಎಂದು ಸ್ಟೀವನ್ ಹೇಳಿದ್ದಾನೆ. ಲೈಟ್ ಆರಿಸಿ ಬಂದೆ.

ಸೆಪ್ಟೆಂಬರ್ 21, ಭಾನುವಾರ. ಸಂಜೆ 5

ಬ್ರೈಡಿಯ ರೂಮಿನಿಂದ ವಿಕ್ರಮ್ ಹೊರಗೆ ಬರುತ್ತಿದ್ದ. ಕಣ್ಣಾರೆ ಕಂಡೆ. "ಇಸ್ತ್ರಿ ಪೆಟ್ಟಿಗೆ ಮೇಡಂ" ಎಂದು ಎತ್ತಿ ತೋರಿಸಿದ. ಇಸ್ತ್ರಿ ಪೆಟ್ಟಿಗೆ ಅಲ್ಲೇ ಇಡುವುದು ನಿಜ. ಆದರೆ ನಾಲ್ಕು ನಿಮಿಷ ಬೇಕೇ. ಮೆಟ್ಟಿಲ ಮೇಲೆ ನಿಂತು ಎಣಿಸಿದ್ದೇನೆ.

ಸೆಪ್ಟೆಂಬರ್ 22, ಸೋಮವಾರ. ಸಂಜೆ 6.30

ಆದದ್ದನ್ನು ಆದ ಹಾಗೇ ಬರೆಯಬೇಕು.

ಬೆಳಿಗ್ಗೆ ನೀರು ಬದಲಾಯಿಸಲು ಹೋದೆ. ಟ್ಯಾಂಕಿನೊಳಗೆ ಇಲಿ. ಜೀವಂತ. ನೀರಿನ ಬೋಗುಣಿ ಹತ್ತಿರ ಕುಳಿತು ಮೀಸೆ ಒರೆಸಿಕೊಳ್ಳುತ್ತಿತ್ತು. ಬ್ರೈಡಿ ಗೂಡಿನಿಂದ ಅರ್ಧ ಹೊರಗೆ. ಬೆನ್ನಿನ ಮೇಲೆ ಮೂರು ಬೆರಳಗಲ ಚರ್ಮವೇ ಇಲ್ಲ. ಮಾಂಸ ಕಾಣುತ್ತಿತ್ತು. ಬಾಲದ ಕಡೆ ಇನ್ನೆರಡು ಗಾಯ. ಅವಳು ಅಲುಗಾಡುತ್ತಲೂ ಇರಲಿಲ್ಲ.

ಅಡುಗೆಮನೆಯ ಕೈಗವುಸು ಹಾಕಿಕೊಂಡು ಇಲಿಯನ್ನು ಡಬ್ಬಿಗೆ ಹಾಕಿದೆ. ಫೋಟೋ ತೆಗೆದೆ. ಸಾಕ್ಷಿ ಬೇಕಲ್ಲ. ಆಫೀಸಿಗೆ ರಜ ಹೇಳಿ, ಬ್ರೈಡಿಯನ್ನು ದಿಂಬಿನ ಚೀಲದೊಳಗೆ ಇಳಿಸಿ ಟ್ಯಾಕ್ಸಿಯಲ್ಲಿ ವೆಟ್ ಹತ್ತಿರ ಕರೆದುಕೊಂಡು ಹೋದೆ. ಡ್ರೈವರಿಗೆ ಬಟ್ಟೆ ಎಂದೆ. ಮಡಿಲಲ್ಲಿ ಅಷ್ಟು ಭಾರ. ದಾರಿಯುದ್ದಕ್ಕೂ ಉಸಿರಾಡುತ್ತಿದ್ದಾಳೆಯೇ ಎಂದು ಅಂಗೈ ಇಟ್ಟು ನೋಡಿಕೊಂಡೇ ಹೋದೆ.

ವೆಟ್ ಹೆಂಗಸು ಗಾಯ ತೊಳೆದು, ಹೊಲಿಗೆ ಹಾಕಿ, ಇಂಜೆಕ್ಷನ್ ಕೊಟ್ಟಳು. ಉಳಿಯುತ್ತಾಳೋ ಇಲ್ಲವೋ ಎರಡು ವಾರದಲ್ಲಿ ಗೊತ್ತಾಗುತ್ತದಂತೆ. ಕಣ್ಣು ಮಬ್ಬಾಗಿದೆ, ಪೊರೆ ಬಿಡುವ ಸಮಯ, ಈಗ ಹಾವು ಬೇಟೆಯಾಡುವುದಿಲ್ಲ, ಇಲಿಗೆ ಹಸಿವಾಗಿ ಇವಳನ್ನೇ ತಿಂದಿದೆ ಅಂದಳು. ಎಷ್ಟು ಹೊತ್ತು ಜೊತೆಗಿತ್ತು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನನಗೆ ಗೊತ್ತಿರಲು ಹೇಗೆ ಸಾಧ್ಯ. ನಾನು ಬಿಟ್ಟ ಇಲಿಯನ್ನು ಬ್ರೈಡಿ ಶನಿವಾರವೇ ತಿಂದಿದ್ದಾಳೆ.

ಅಂದ ಮೇಲೆ ಈ ಎರಡನೆಯ ಇಲಿ ಎಲ್ಲಿಂದ ಬಂತು?

ಡಬ್ಬಿಯಲ್ಲಿ ಜೊತೆಗೇ ಒಯ್ದಿದ್ದ ಇಲಿಯನ್ನು ವೆಟ್ ತಾನೇ ಇಟ್ಟುಕೊಂಡಳು.

ಸೆಪ್ಟೆಂಬರ್ 23, ಮಂಗಳವಾರ. ಬೆಳಿಗ್ಗೆ 6.50

ಕುಳಿತು ಯೋಚಿಸಿದೆ. ಟ್ಯಾಂಕಿನ ಕೀಲಿಯಿರುವ ಗೊಂಚಲು ಅಡುಗೆಮನೆಯ ಮೊಳೆಗೇ ನೇತುಹಾಕಿರುತ್ತದೆ. ಭಾನುವಾರ ನಾಲ್ಕು ನಿಮಿಷ. "ಬೇಟೆ ಆಡ್ತಾ" ಎಂದು ಕೇಳಿದ್ದು. ಬೇಟೆ ನೋಡುವ ಚಪಲ, ವಿಡಿಯೋ ಮಾಡುವ ಚಪಲ. ದಿನಾ ಕೊಂದದ್ದನ್ನು ತಿನ್ನುವವರಿಗೆ ಒಂದು ಇಲಿ ಯಾವ ಮಹಾ.

ಡೆಕ್ಲನ್‌ಗೆ ಫೋಟೋ ಕಳಿಸಿ, ಈ ಇಲಿಯನ್ನು ವಿಕ್ರಮ್‌ಗೆ ಮಾರಿದೆಯಾ ಎಂದು ಕೇಳಿದೆ. ಒಂದೇ ಟಿಕ್. ರಜ.

ಸ್ಟೀವನ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. ಅತ್ತುಬಿಟ್ಟ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅಳುತ್ತಿದ್ದ. ಆಮೇಲೆ ಕೇಳಿದ, "ಶನಿವಾರ ನೀವು ಎದುರಿಗೇ ಕೂತಿದ್ರಿ ಅಲ್ವಾ ಅಕ್ಕ? ಅವಳು ನುಂಗಿದ್ದು ನೋಡಿದ್ರಿ?"

"ನೋಡಿದೆ" ಎಂದೆ.

ಬಾಯಿಂದ ಬಂದುಬಿಟ್ಟಿತು. ಆದರೆ ತಿಂದದ್ದಂತೂ ತಿಂದಿದ್ದಾಳೆ. ಇಲಿ ಇರಲಿಲ್ಲವಲ್ಲ.

ಸೆಪ್ಟೆಂಬರ್ 24, ಬುಧವಾರ

ಸ್ಟೀವನ್ ವಿಕ್ರಮ್‌ಗೆ ಫೋನು ಮಾಡಿದನಂತೆ. ಭಾನುವಾರದೊಳಗೆ ಖಾಲಿ ಮಾಡಬೇಕು. ಓನರ್ ವಾಸವಿರುವ ಮನೆ, ಇಲ್ಲಿನ ಕಾನೂನಿನ ಪ್ರಕಾರ ಹೆಚ್ಚು ನೋಟಿಸ್ ಕೊಡಬೇಕಾಗಿಲ್ಲ.

ವಿಕ್ರಮ್ ಅಡುಗೆಮನೆಗೆ ಬಂದು ಎದುರಿಗೆ ನಿಂತ. "ಮೇಡಂ, ನಾನು ಆ ಟ್ಯಾಂಕ್ ಮುಟ್ಟಿಲ್ಲ. ನಿಮ್ಗೂ ಗೊತ್ತು." ನನಗೆ ಗೊತ್ತಿರುವುದು ನನಗೆ ಗೊತ್ತು ಎಂದೆ. ನನ್ನ ಮುಖ ನೋಡಿ ಹೋದ. ಹೆದರಿಸುವ ನೋಟವಲ್ಲ. ಆದರೂ ರೂಮಿಗೆ ಚಿಲಕ ಹಾಕಿಕೊಂಡೆ.

ಸೆಪ್ಟೆಂಬರ್ 28, ಭಾನುವಾರ. ಬೆಳಿಗ್ಗೆ 10

ಹೋದ. ಎರಡು ಸೂಟ್‌ಕೇಸ್, ಒಂದು ಕುಕ್ಕರ್. ಡ್ರೋಹೆಡಾದಲ್ಲಿ ಕಸಿನ್ ಮನೆಯ ಸೋಫಾ ಅಂತೆ. ಅಲ್ಲಿಂದ ಇಲ್ಲಿಗೆ ಕೆಲಸಕ್ಕೆ ದಿನಾ ಗಂಟೆಗೂ ಮೀರಿ ಡ್ರೈವ್ ಮಾಡಬೇಕು. ಹೋಗುವ ಮುಂಚೆ ಒಲೆ ಉಜ್ಜಿ ತೊಳೆದಿದ್ದಾನೆ.

ಬ್ರೈಡಿಗೆ ಮೂರನೆಯ ಇಂಜೆಕ್ಷನ್. ಹೊಲಿಗೆ ಒಣಗುತ್ತಿದೆ. ಇವತ್ತು ನಾಲಗೆ ಹೊರಗೆ ಹಾಕಿದಳು. ಮನೆ ಈಗ ಶಾಂತವಾಗಿದೆ. ನೆಮ್ಮದಿಯಾಗಬೇಕಿತ್ತು.

ಅಕ್ಟೋಬರ್ 1, ಬುಧವಾರ

ಮೊಸರಿನ ಡಬ್ಬಿ ಇವತ್ತೂ ಕೆಳಗಿನ ಶೆಲ್ಫಿನಲ್ಲಿತ್ತು. ಮನೆಯಲ್ಲಿ ನಾನೊಬ್ಬಳೇ ಇರುವುದು.

ಅಕ್ಟೋಬರ್ 4, ಶನಿವಾರ. ಮಧ್ಯಾಹ್ನ 3

ಡೆಕ್ಲನ್‌ನ ಉತ್ತರ ಬಂತು. ವಿಕ್ರಮ್ ಎನ್ನುವವರು ಯಾರೂ ತನಗೆ ಗೊತ್ತಿಲ್ಲವಂತೆ. ಫೋಟೋದಲ್ಲಿರುವುದು ತಾನು ಇಪ್ಪತ್ತನೇ ತಾರೀಕು ನನ್ನ ಕೈಗೇ ಕೊಟ್ಟ ಇಲಿ. ಎಡಗಿವಿ ಹರಿದ ಕಂದು ತಲೆಯದು, ತನ್ನಲ್ಲಿ ಅಂಥದ್ದು ಅದೊಂದೇ ಇತ್ತು. ಅದಿನ್ನೂ ಬದುಕಿದೆಯಾ, ಬ್ರೈಡಿ ಹಿಡಿಯಲಿಲ್ಲವಾ ಎಂದು ಕೊನೆಗೆ ಕೇಳಿದ್ದಾನೆ.

ಮೂರು ಸಲ ಓದಿದೆ. ಡೆಕ್ಲನ್ ಸುಳ್ಳು ಹೇಳುತ್ತಿರಬಹುದು, ವಿಕ್ರಮ್ ಹೇಳಿಕೊಟ್ಟಿರಬಹುದು ಎಂದೂ ಯೋಚಿಸಿದೆ. ಅರ್ಧ ಗಂಟೆ ಅದನ್ನೇ ಯೋಚಿಸಿದೆ. ನಾಚಿಕೆಯಾಗುತ್ತದೆ ಬರೆಯಲು.

ಪೆಟ್ಟಿಗೆಯಲ್ಲಿದ್ದ ಇಲಿ ಹೇಗಿತ್ತೆಂದು ನನಗೆ ಗೊತ್ತಿಲ್ಲ. ನೋಡಿಯೇ ಇಲ್ಲ. ಬ್ರೈಡಿಯ ಕಣ್ಣೂ ನೋಡಲಿಲ್ಲ. ಇಲಿ ಗೂಡಿನ ಹಿಂದೆ ಅವಿತಿತ್ತು, ನಾನು ಲೈಟ್ ಆರಿಸಿ ಬಂದೆ. ಎರಡು ದಿನ ಅವಳನ್ನು ಕಡಿದಿದೆ. ನಾನು ಮೇಲಿನ ರೂಮಿನಲ್ಲಿ ಮೊಸರನ್ನ ಉಂಡು ಮಲಗಿದ್ದೆ.

ಅಕ್ಟೋಬರ್ 5, ಭಾನುವಾರ. ಸಂಜೆ 4

ವಿಕ್ರಮ್‌ಗೆ ಫೋನು ಮಾಡಿದೆ. ಎರಡನೆಯ ಸಲಕ್ಕೆ ಎತ್ತಿದ. ಡೆಕ್ಲನ್ ಬರೆದದ್ದೆಲ್ಲ ಹೇಳಿದೆ.

"ಗೊತ್ತಿತ್ತು ಮೇಡಂ" ಅಂದ. "ಎರಡು ಶನಿವಾರಾನೂ ನೀವು ಬಾಗ್ಲು ಹೊರಗಡೆ ನಿಂತ್ಕೊಂಡು ರಾಮ ರಾಮ ಅಂತಿದ್ರಿ. ನನ್ ರೂಮಿಗೆ ಕೇಳಿಸ್ತಿತ್ತು."

"ಹಾಗಾದ್ರೆ ಸ್ಟೀವನ್‌ಗೆ ಹೇಳ್ಬಹುದಿತ್ತಲ್ಲ ವಿಕ್ರಮ್."

"ಹೇಳ್ದೆ. ಅವತ್ತೇ ಹೇಳ್ದೆ. ಕಾತ್ಯಾಯಿನಿ ಅಕ್ಕ ಎದುರಿಗೇ ಕೂತಿದ್ರಂತೆ, ಅವರು ಸುಳ್ಳು ಹೇಳಲ್ಲ ಅಂದ್ರು ಸ್ಟೀವನ್." ಆಮೇಲೆ ನಿಧಾನವಾಗಿ, "ನಮ್ಮಂಥೋರ್ ಮಾತು ನಂಬೋದು ಕಷ್ಟ ಅಲ್ವಾ ಮೇಡಂ, ಮಾಂಸ ತಿನ್ನೋರು."

ನಾನು ಅದನ್ನು ಬಾಯಿಬಿಟ್ಟು ಎಂದೂ ಅವನಿಗೆ ಹೇಳಿರಲಿಲ್ಲ.

ಏನು ಮಾಡಲಿ ಎಂದು ಕೇಳಿದೆ. ನಾಳೆ ಬೆಳಿಗ್ಗೆ ಐದಕ್ಕೆ ಏಳಬೇಕು ಮೇಡಂ, ಇಡ್ತೀನಿ ಅಂದ.

ಅಕ್ಟೋಬರ್ 6, ಸೋಮವಾರ. ಸಂಜೆ 7

ಸ್ಟೀವನ್ ಬಂದ. ಬೂಟು ಬಿಚ್ಚದೆ ನೇರ ಬ್ರೈಡಿಯ ಹತ್ತಿರ. ಅವಳು ಅವನ ತೋಳಿಗೆ ಸುತ್ತಿಕೊಂಡಳು. ಗಾಯದ ಪಕ್ಕ ಬೆರಳಾಡಿಸುತ್ತ, "ಅಕ್ಕ, ನೀವು ಇಲ್ದಿದ್ರೆ ಇವಳು ಉಳೀತಿರ್ಲಿಲ್ಲ" ಅಂದ. ಕಣ್ಣಲ್ಲಿ ನೀರು. ಹೇಳಬೇಕೆಂದು ಬಾಯಿ ತೆರೆದೆ, ಅವನು ಹಲಸಿನ ಹಪ್ಪಳದ ಪೊಟ್ಟಣ ಕೈಗಿಟ್ಟ. ಅಮ್ಮ ನನಗೆಂದೇ ಕಳಿಸಿದ್ದಂತೆ. ತೆಗೆದುಕೊಂಡೆ.

ವಿಕ್ರಮ್‌ನ ರೂಮಿಗೆ ಯಾರೋ ನಾಳೆ ಬೆಳಿಗ್ಗೆ ಎಂಟೂವರೆಗೆ ನೋಡಲು ಬರುತ್ತಾರೆ. ಬಂದವರು ಹೂಂ ಅನ್ನದೆ ಹೋಗುವ ಕಾಲವೇ ಇದು?

ಅಕ್ಟೋಬರ್ 7, ಮಂಗಳವಾರ. ಬೆಳಿಗ್ಗೆ 8.15

ಸ್ಟೀವನ್ ಕೆಳಗೆ ಟೀ ಮಾಡುತ್ತಿದ್ದಾನೆ. ಆ ಜನ ಬಂದು ವಿಕ್ರಮ್‌ನ ರೂಮು ಹಿಡಿಯುವ ಮುಂಚೆ ಹೇಳಬೇಕು. ನನ್ನ ರೂಮು ಹೋಗಬಹುದು. ಹೋಗಲಿ. ಮೊದಲ ಮಾತು ಇಲ್ಲೇ ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ನನ್ನ ನಾಲಗೆಯನ್ನು ನಂಬುವಂತಿಲ್ಲ.

ಸ್ಟೀವನ್, ಒಂದು ಅಚಾತುರ್ಯ ಆಗಿದೆ.

ಬೇಡ. ತಾನಾಗಿ ಆದದ್ದಲ್ಲ.

ಸ್ಟೀವನ್, ಡೆಕ್ಲನ್ ಏನಂದ ಅಂದ್ರೆ

ಇದೂ ಬೇಡ. ಡೆಕ್ಲನ್‌ಗೂ ಇದಕ್ಕೂ ಏನು ಸಂಬಂಧ.

ಹೊರಗೆ ಕಾರು ನಿಂತ ಸದ್ದು. ಇನ್ನೂ ಎಂಟೂ ಇಪ್ಪತ್ತು. ಬೇಗ ಬಂದಿದ್ದಾರೆ. ಸ್ಟೀವನ್ ಬಾಗಿಲ ಕಡೆ ಹೋಗುತ್ತಿದ್ದಾನೆ.

ಸ್ಟೀವನ್, ನಾನು ನೋಡಲಿಲ್ಲ. ನೋಡಿದೆ ಅಂತ ಹೇಳಿದ್ದು ಸುಳ್ಳು. ವಿಕ್ರಮ್ ನಿನಗೆ ಹೇಳಿದ್ದೆಲ್ಲ —