ಬಿಸಿಲಿದ್ದೂ ನಿಂತ ಫ್ಯಾನು

ಮಾರ್ಚ್ 3, ಮಧ್ಯಾಹ್ನ

ಬರೆದೇ ಬಿಡುತ್ತೇನೆ. ನನಗೆ ಮತ್ತೆ ಸ್ಕೂಲಿಗೆ ಹೋಗಬೇಕು. ನಿನ್ನೆ ಮೊನ್ನೆಯ ಆಸೆಯಲ್ಲ. ಒಂಬತ್ತನೇ ಕ್ಲಾಸಿಗೆ ಬಿಟ್ಟ ಮರುವರ್ಷದಿಂದಲೂ ಇದೆ. 'ಬೆಂಚಿಗೆ ಅಂಟಿಕೊಂಡು ಕೊಳೆಯೋಕೆ ನನ್ನ ಕೈಲಾಗಲ್ಲ' ಎಂದು ಮನೆಯವರ ಮುಂದೆ ಕೂಗಾಡಿ ಬಂದವಳು... ಈಗ ಯಾವ ಬಾಯಲ್ಲಿ ಹೇಳಲಿ?

ಬೆಳಿಗ್ಗೆಯಿಂದ ಈ ಸ್ಕೂಲಿನ ಛಾವಣಿ ಮೇಲೆ. ಸೋಲಾರ್ ಪ್ಯಾನೆಲ್ ಕೂರಿಸುವ ಚೌಕಟ್ಟಿಗೆ ಬೋಲ್ಟ್ ಬಿಗಿಯುವುದು. ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಕೆಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ನನ್ನ ತುಟಿಯೂ ಆಡುತ್ತಿತ್ತಂತೆ.

"ಏನೇ ಅಳಿಲು, ಮಂತ್ರ ಹಾಕಿ ಬೋಲ್ಟ್ ಬಿಗೀತಿದ್ದೀಯಾ?" ಎಂದ ಮಾವ.

ಅಮ್ಮನ ತಮ್ಮನೇ. ಆದರೆ ಸೈಟಿನಲ್ಲಿ ಗುತ್ತಿಗೆದಾರ ಮಾತ್ರ, ಸಲಿಗೆ ನಡೆಯುವುದಿಲ್ಲ.

ಮಾರ್ಚ್ 5

ಹೆಡ್‌ಮೇಡಂ ಛಾವಣಿಗೇ ಹತ್ತಿ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಪ್ಪಲಿ. ಕಾಲು ಸುಟ್ಟ ಮೇಲೆ ಚಪ್ಪಲಿ ಹಾಕಿಕೊಂಡರು. ನಗು ತಡೆದೆ.

"ಕರೆಂಟ್ ಬಿಲ್ಲು ಇಳೀಲಿ. ಉಳಿದ ದುಡ್ಡಲ್ಲಿ ಸಂಜೆ ಕ್ಲಾಸು ಶುರು ಮಾಡ್ತೀನಿ. ಓದು ಬಿಟ್ಟೋರಿಗೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಎಷ್ಟನೇದಕ್ಕೆ ಬಿಟ್ಟೆ?"

ಹೇಳಿದೆ.

"ನಮ್ಮ ಬಿಸಿಯೂಟದ ಅಡುಗೆಯವರ ಮನೇಲಿ ಒಂದು ರೂಮು ಖಾಲಿ ಇದೆ, ಅಲ್ಲೇ ಉಳ್ಕೊಬಹುದು. ಯೋಚ್ನೆ ಮಾಡಮ್ಮ."

ಯೋಚಿಸುವುದೇನಿದೆ...

ಮಾರ್ಚ್ 8

ಅರ್ಧದಷ್ಟು ಪ್ಯಾನೆಲ್ ಕೂರಿಸಿಯಾಯಿತು. ಇವತ್ತು ಟ್ರಯಲ್. ಫ್ಯಾನು ತಿರುಗಿತು, ಮಕ್ಕಳು ಚಪ್ಪಾಳೆ. ಸ್ವಲ್ಪ ಹೊತ್ತಿಗೆ ಬೀದಿಯಲ್ಲೆಲ್ಲ ಕರೆಂಟ್ ಹೋಯಿತು. ನಮ್ಮ ಫ್ಯಾನೂ ನಿಂತಿತು. ನೆತ್ತಿ ಸುಡುವ ಬಿಸಿಲಿದೆ, ಫ್ಯಾನು ನಿಂತಿದೆ! ನಾನೇ ವೈರ್ ತಪ್ಪು ಕೊಟ್ಟೆನೆಂದು ಮೀಟರ್ ಕಡೆ ಓಡಿದೆ.

"ತಪ್ಪಲ್ಲ ಕಣೇ, ಇದು ಇರೋದೇ ಹಾಗೆ" ಎಂದ ಮಾವ. "ಹೊರಗಿನ ಲೈನ್ ಹೋದ್ರೆ ಇದೂ ನಿಲ್ಲಬೇಕು. ಇಲ್ಲಾಂದ್ರೆ ನಮ್ಮ ಕರೆಂಟು ಆಚೆ ಹರಿದು, ಕಂಬದ ಮೇಲಿರೋ ಲೈನ್‌ಮನ್ ಗತಿ ಏನು?"

"ಬ್ಯಾಟರಿ?"

"ಹಾಕಬಹುದು. ಬಿಲ್ಲಲ್ಲಿ ಉಳಿದ ದುಡ್ಡೆಲ್ಲ ಅದೇ ನುಂಗುತ್ತೆ."

ವಾಚ್‌ಮನ್ ತಾತ ಜನರೇಟರ್ ಶುರುಮಾಡಿ ಅದರ ಬೆನ್ನು ತಟ್ಟಿದ. "ಇನ್ನು ಸ್ವಲ್ಪ ದಿನ ಅಷ್ಟೇ ಮುದುಕಪ್ಪ. ಪೂರ್ತಿ ಸೋಲಾರ್ ಆದ್ಮೇಲೆ ನಿನ್ನ ಮಾರ್ತಾರೆ."

ಪೂರ್ತಿ ಆದರೆ ಕರೆಂಟ್ ಹೋದರೂ ಫ್ಯಾನು ನಿಲ್ಲದೆಂದೇ ಎಲ್ಲರೂ ತಿಳಿದಿದ್ದಾರೆ.

"ಹೆಡ್‌ಮೇಡಂಗೆ ಹೇಳಿದ್ದೀಯಾ ಮಾವ?"

"ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಮಾರ್ಚ್ 9

ತಲೆ ಕೆಟ್ಟು ಹೋಗಿದೆ. ಬಿಲ್ಲು ಇಳಿಯುವುದು ನಿಜ. ಸಂಜೆ ಕ್ಲಾಸು ನಿಜ. ಜನರೇಟರ್ ಮಾರಿದ ಮೇಲೆ ಮಧ್ಯಾಹ್ನ ಕರೆಂಟ್ ಹೋದರೆ ಚಿಕ್ಕ ಮಕ್ಕಳು ತಗಡು ಹೊದಿಸಿದ ಕೋಣೆಯಲ್ಲಿ ಬೇಯುವುದೂ ನಿಜ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ.

ಹೇಳಿದರೆ ಹೋಗುವುದು ನನ್ನ ಕ್ಲಾಸೇ.

ಮಾರ್ಚ್ 12, ಸಂಜೆ

ಸ್ಕೂಲು ಸಮಿತಿ ಸಭೆ. ಉಳಿದ ಅರ್ಧ ಪ್ಯಾನೆಲ್‌ಗೆ ಒಪ್ಪಿಗೆ ಬೇಕಿತ್ತು. ಮೀಟರ್ ತೋರಿಸಲು ನನ್ನನ್ನು ನಿಲ್ಲಿಸಿದ್ದರು. ಎಲ್ಲ ಮುಗಿಯುತ್ತಾ ಬಂದಾಗ, ಎರಡನೇ ಕ್ಲಾಸಿನ ಒಬ್ಬ ಹುಡುಗಿಯ ತಾಯಿ ಎದ್ದು, "ಕರೆಂಟ್ ಹೋದ್ರೂ ಫ್ಯಾನ್ ತಿರುಗುತ್ತಲ್ವಾಮ್ಮ?" ಎಂದರು. ನನ್ನನ್ನೇ ಕೇಳಿದರು.

ಮಾವ ಕೆಮ್ಮಿದ. ಹೆಡ್‌ಮೇಡಂ ಕಿಟಕಿ ಕಡೆ ನೋಡಿದರು.

"ಇಲ್ಲ" ಎಂದೆ.

ಗದ್ದಲ. ಗಿರಣಿ ಯಜಮಾನರು ಸಮಿತಿಯ ಅಧ್ಯಕ್ಷರು. ಮೇಜು ಗುದ್ದಿದರು. "ಮತ್ಯಾಕ್ರೀ ಈ ಸಂಭ್ರಮ? ಹಾಕಿರೋ ಅರ್ಧ ಇರ್ಲಿ, ಉಳಿದಿದ್ದು ಬೇಡ. ಜನರೇಟರೂ ಇರ್ಲಿ."

ಆಮೇಲೆ ವರಾಂಡದಲ್ಲಿ ಹೆಡ್‌ಮೇಡಂ ಸಿಕ್ಕರು.

"ನಿಮಗೆ ಗೊತ್ತಿರಲಿಲ್ಲ ಅನ್ಕೊಂಡೆ, ಮೇಡಂ."

"ಗೊತ್ತಿತ್ತು. ಮೊದಲ ದಿನವೇ ನಿಮ್ಮ ಮಾವನ್ನ ಕೇಳಿದ್ದೆ."

ಅಂದರೆ ಮಾವ ನನಗೂ ಸುಳ್ಳು...

"ಸುಳ್ಳು ಹೇಳು ಅಂತ ನಾನು ಹೇಳಲ್ಲ," ಎಂದರು. "ಸಮಿತಿಗೆ ಒಂದು ವರ್ಷ ತಡವಾಗಿ ಗೊತ್ತಾಗಿದ್ರೆ ಚೆನ್ನಾಗಿರೋದು. ಅಷ್ಟೊತ್ತಿಗೆ ನಿನ್ನಂಥ ಹತ್ತು ಜನ ಪರೀಕ್ಷೆ ಬರೆದಿರ್ತಿದ್ರು."

"ಸಂಜೆ ಕ್ಲಾಸು?" ಎಂದೆ.

"ಅರ್ಧ ಉಳಿತಾಯದಲ್ಲಿ ಮೇಷ್ಟ್ರು ಬರಲ್ಲಮ್ಮ. ಮುಂದೆ ನೋಡೋಣ."

ಬೈದಿದ್ದರೆ ಎಷ್ಟೋ ವಾಸಿ.

ಮಾರ್ಚ್ 16

ಮೂರು ದಿನ ಬರೆಯಲು ಮನಸ್ಸಾಗಲಿಲ್ಲ. "ಹರಿಶ್ಚಂದ್ರನ ಮೊಮ್ಮಗಳೇ, ಸ್ಪ್ಯಾನರ್ ಕೊಡು" ಎಂದ ಮಾವ, ಅಷ್ಟೇ.

ಇವತ್ತು ಮಧ್ಯಾಹ್ನ ಮತ್ತೆ ಕರೆಂಟ್ ಹೋಯಿತು. ತಾತ ಜನರೇಟರ್ ಹಾಕಿದ. ಫ್ಯಾನು ತಿರುಗಿತು, ಸರಿ. ಆದರೆ ಹೊಗೆಯೆಲ್ಲ ನೇರ ಎರಡನೇ ಕ್ಲಾಸಿಗೆ. ಮಕ್ಕಳು ಕೆಮ್ಮಿ ಕೆಮ್ಮಿ ಕಿಟಕಿ ಮುಚ್ಚಿದರು. ಆ ತಾಯಿ ಗೇಟಿನ ಹತ್ತಿರ ನಿಂತಿದ್ದರು. ನನ್ನ ಕೈ ಹಿಡಿದು, "ನಿಜ ಹೇಳ್ದೆ ಕಣಮ್ಮ, ಒಳ್ಳೇದಾಗ್ಲಿ" ಎಂದರು. ಒಳಗಿನಿಂದ ಕೆಮ್ಮು ಕೇಳುತ್ತಲೇ ಇತ್ತು.

ಇನ್ನೊಮ್ಮೆ ಕೇಳಿದರೂ 'ಇಲ್ಲ' ಎಂದೇ ಹೇಳುತ್ತೇನೆ. ಅದು ಗೊತ್ತು. ಅದರಿಂದ ಯಾರಿಗೆ ಏನು ಸಿಕ್ಕಿತು, ಅದು ಮಾತ್ರ...

ಅಡುಗೆಯವರು ನನಗೆಂದು ಆ ರೂಮು ಗುಡಿಸಿಟ್ಟಿದ್ದರಂತೆ.

ಏಣಿಗಳನ್ನು ವ್ಯಾನಿಗೆ ಕಟ್ಟಿಯಾಯಿತು. ನಾಳೆ ಬೆಳಿಗ್ಗೆ ಹೊರಡುತ್ತೇವೆ.