ವಾಕಿಟಾಕಿಯಲ್ಲಿ ಕೇಳಿದ ದನಿ

ಸೋಮ್ಲಣ್ಣ,

ಅರಾಮಿದ್ದೀಯಾ? ನಿನ್ನವ್ವ ಹಾಮ್ಲಿಬಾಯಿಯ ಮಂಡಿನೋವು ಅಲ್ಲಾದರೂ ಬಿಟ್ಟಿತಾ? ನಮ್ಮನೆಯಾಕಿ ಶಾರದಾ ಸಿಕ್ಕಿದ್ದಳಾ, ನನ್ನ ಮೇಲೆ ಚಾಡಿ ಹೇಳಿದಳಾ? ಇಲ್ಲಿ ಗಂಗಿ ಅತ್ತಿಗೆಯ ಕೆಮ್ಮು ಕಡಿಮೆಯಾಗಿದೆ. ಸಂಡೂರಿನ ಲಾರಿಗಳು ಮಾತ್ರ ಕಡಿಮೆಯಾಗಿಲ್ಲ. ಒಣಹಾಕಿದ ಪಂಚೆಯೂ ಅದಿರಿನ ಧೂಳಿಗೆ ಕೆಂಪು.

ನಿನ್ನ ಮಗಳು ಲಲಿತಾ ಗಣಿಯ ತೂಕದ ಕೋಣೆಯಲ್ಲಿ ಕೆಲಸ ಕೇಳಿ ಬಂದ ದಿನ ನೆನಪಿದೆಯಲ್ಲ? ನೀನು ಲಾರಿಗೆ ಅದಿರು ತುಂಬುತ್ತಿದ್ದೆ, ನಾನು ನಿಮ್ಮ ಮೇಸ್ತ್ರಿ. ಆಕೆ ಕೇಳಿದ್ದು ವಾಕಿಟಾಕಿಯಲ್ಲಿ ಡ್ರೈವರುಗಳನ್ನು ಕರೆಯುವ ಕೆಲಸ. ಸ್ವಚ್ಛ ಕನ್ನಡ ಬೇಕು ಅಂತ ಷರತ್ತು. ಮ್ಯಾನೇಜರ್ ನನ್ನನ್ನು ಲಾರಿ ಸಾಲಿನಲ್ಲಿ ನಿಲ್ಲಿಸಿ, ಕೆಲಸ ಕೇಳಿ ಬಂದವರನ್ನು ಒಬ್ಬೊಬ್ಬರಾಗಿ ಒಳಗಿಂದ ವಾಕಿಟಾಕಿಯಲ್ಲಿ ಮಾತಾಡಿಸಿದರು. ಇಂಜಿನ್ ಸದ್ದಿನಲ್ಲೂ ಒಂದೇ ದನಿ ಗಂಟೆ ಹೊಡೆದಂಗೆ ಕೇಳಿತು. ಪಕ್ಕದ ಡ್ರೈವರ್, 'ಈಕೀನ ಇಟಗೊಳ್ರಪಾ, ರೇಡಿಯೋದಾಗ ವಾರ್ತೆ ಓದಿದಂಗ ಐತಿ' ಅಂದ. ಅದು ಲಲಿತಾ.

'ಮೂರನೇ ದನಿ ರೀ ಸಾರ್' ಅಂದೆ. 'ಕರಿ' ಅಂದರು. ಲಲಿತಾ ಬಂದಳು. ಹಿಂದೆ ಗಂಗಿ ಅತ್ತಿಗೆ, ಕನ್ನಡಿ ಹೊಲಿದ ರವಿಕೆಯಲ್ಲಿ. ಮ್ಯಾನೇಜರ್ ತಾಯಿಯನ್ನೇ ನೋಡಿದರು. 'ತಾಂಡಾದವರಾ? ಇವರ ಮಾತಿನ ಎಳೆತ ಹೋಗಲ್ಲ ಬಿಡು. ಅಲ್ಲೇನೋ ಮೇಸ್ತ್ರಿ?'

ಹೌದ್ರಿ ಸಾರ್ ಅಂದೆ. ಯಾಕೆ ಅಂದೆ? ಮೇಸ್ತ್ರಿಕೆ ಹೋದೀತು ಅಂತಲೋ, ಇಲ್ಲಾ ಒಳಗೆಲ್ಲೋ ನನಗೂ...

ಸಂಜೆ ಬಸ್ಸಿಗೆ ಕಾಯುವಾಗ ನೀನು ಕೇಳಿದೆ: 'ಎಲ್ಲಿ ತಪ್ಪಿತೋ ತಮ್ಮಾ?' 'ಭಾಷೆ ಸ್ವಲ್ಪ...' ಅಂದು ಬೀಡಿ ಹಚ್ಚಿದೆ. ನೀನು ನಂಬಿಬಿಟ್ಟೆ. ಅಂದಿನಿಂದ ಮನೆಯಲ್ಲಿ ನಿಮ್ಮ ಲಂಬಾಣಿ ಬಂದ್. 'ಯಾಡಿ ಅನಬ್ಯಾಡ್ರಿ, ಅವ್ವ ಅನ್ರಿ' ಅಂತ ಮಕ್ಕಳಿಗೆ ತಾಕೀತು. ಕನ್ನಡ ತಡವರಿಸುವ ಅತ್ತಿಗೆ ಹೆತ್ತ ಮಕ್ಕಳೆದುರೇ ಮೂಕಿಯಾದಳು. ಸಾಯುವತನಕ ನೀನು ಹಂಗೇ ನಡೆಸಿದೆ. ನಾನು ಬರುತ್ತಿದ್ದೆ, ಉಣ್ಣುತ್ತಿದ್ದೆ, ರೊಟ್ಟಿ ಹೊಗಳಿ ಹೋಗುತ್ತಿದ್ದೆ.

ಮೊನ್ನೆ ಲಲಿತಾ ಮಗಳನ್ನು ಕರಕೊಂಡು ಬಂದಿದ್ದಳು. ಹೌದು, ನೀನು ನೋಡದ ಮೊಮ್ಮಗಳು, ಮೂಗು ನಿನ್ನದೇ. ಎಲ್ಲ ಹೇಳಿಬಿಟ್ಟೆ. 'ಇದನ್ನ ಅಪ್ಪಗ ಹೇಳಬೇಕಿತ್ತು ಕಾಕಾ' ಅಂದಳು. ಚಹಾ ಮುಟ್ಟಲಿಲ್ಲ. ಬಾಗಿಲಲ್ಲಿ ಮಗು 'ಅವ್ವಾ, ಹೋಗೋಣೇನು?' ಅಂತು. ಲಲಿತಾ ಅದರ ಎದುರು ಕುಂತು, 'ಯಾಡಿ ಅನ್ನು' ಅಂದಳು. ಮಗು ಅಂತು.

ಬೈಯುವುದಿದ್ದರೆ ನಿಮ್ಮ ಮಾತಿನಲ್ಲೇ ಬರಿ ಅಣ್ಣ. ನನಗೆ ತಿಳಿಯದು, ಗಂಗಿ ಅತ್ತಿಗೆಯ ಮುಂದೆ ಕುಂತು ಅರ್ಥ ಕೇಳಬೇಕಾಗುತ್ತದೆ. ಕೇಳುತ್ತೇನೆ. ಜಲ್ದಿ ಬರಿ.

ನಿನ್ನ ತಮ್ಮ,
ಬಸಣ್ಣ